ಇಪ್ಪತ್ತೆಂಟು ಹಲ್ಲು

೮ ಜನವರಿ ೨೦೦೧, ಸೋಮವಾರ

ಬೆಳಿಗ್ಗೆ ಐದಕ್ಕೆ ಎದ್ದೆ. ಗಡ್ಡ ಹೆರೆದುಕೊಂಡೆ. ಹಾಸಿಗೆ ಮಡಚಿಟ್ಟೆ. ಆಮೇಲೆ ಮಾಡಲು ಏನೂ ಕೆಲಸವಿರಲಿಲ್ಲ.

ಇಪ್ಪತ್ನಾಲ್ಕು ವರ್ಷ ಲ್ಯಾಬಿನ ರಿಜಿಸ್ಟರ್ ಬರೆದ ಕೈ ಸುಮ್ಮನೆ ಕೂರುವುದಿಲ್ಲ. ನಂಬರ್, ಹುದ್ದೆ, ಹೆಸರು, ಮೇಲಿನ ಸೆಟ್ಟೋ ಕೆಳಗಿನದೋ, ಕೊಟ್ಟ ತಾರೀಖು. ಅದಕ್ಕೇ ಬೀಳಗಿಯಲ್ಲಿ ಈ ನೋಟುಬುಕ್ಕು ಕೊಂಡೆ. ಯಾವ ಸಾಹೇಬರೂ ತಪಾಸಣೆ ಮಾಡದ ರಿಜಿಸ್ಟರ್ ಇದು.

ಮೊದಲ ಪುಟದಲ್ಲಿ ಹೆಸರಿರಬೇಕು. ಅಮಸಿದ್ದಪ್ಪ, ಹವಾಲ್ದಾರ್, ಸೇನೆಯ ದಂತ ವಿಭಾಗದಲ್ಲಿ ಹಲ್ಲಿನ ಸೆಟ್ಟು ಮಾಡುವವನು, ಡಿಸೆಂಬರ್ ಮೂವತ್ತೊಂದಕ್ಕೆ ನಿವೃತ್ತ. ಡಾಕ್ಟರ್ ಸಾಹೇಬರು ಸಿಪಾಯಿಗಳ ಬಾಯಿಯ ಅಚ್ಚು ತೆಗೆದು ಒಳಗೆ ಕಳಿಸುತ್ತಿದ್ದರು. ನಾನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ ಹೊರಗೆ ಕಳಿಸುತ್ತಿದ್ದೆ. ಎಷ್ಟು ಸಾವಿರ ಬಾಯಿಗಳೋ ಲೆಕ್ಕವಿಲ್ಲ, ಮುಖ ಮಾತ್ರ ಒಂದನ್ನೂ ನೋಡಿದವನಲ್ಲ. ತಂತ್ರಜ್ಞ ಯಾರ ಬಾಯಿಗೂ ಕೈ ಹಾಕುವಂತಿಲ್ಲ, ಅದು ನಿಯಮ.

ಸಂಜೆ ಕಟ್ಟೆಯ ಮೇಲೆ ಜಕ್ಕಪ್ಪ ಕಾಕಾ ವಿಚಾರಣೆ ನಡೆಸಿದ. "ಇಷ್ಟ ವರ್ಷ ಮಿಲಿಟ್ರಿಯೊಳಗ ಇದ್ದು ಬಂದೂಕ ಹಿಡೀಲಿಲ್ಲಾ? ಬರೇ ಹಲ್ಲು?"

"ಹಲ್ಲಿಲ್ಲದ ಸಿಪಾಯಿ ರೊಟ್ಟಿ ಹೆಂಗ ತಿಂತಾನ ಕಾಕಾ? ರೊಟ್ಟಿ ತಿನ್ನದಾಂವ ಗುಡ್ಡ ಹೆಂಗ ಹತ್ತತಾನ?"

"ಅದೂ ಖರೆ," ಎಂದು ಒಪ್ಪಿದ. ಆದರೂ ಕತ್ತಲಾಗುವುದರೊಳಗೆ ನನಗೆ 'ಹಲ್ಲಿನ ಹವಾಲ್ದಾರ' ಎಂದು ನಾಮಕರಣವಾಗಿತ್ತು.

ಮನೆ ನಂಬರ್ ನೂರಾ ಹದಿನೇಳು. ನಾನು ಹುಟ್ಟಿದ ಊರು ಈಗ ಹಿನ್ನೀರಿನ ಕೆಳಗಿದೆ. ಈ ಪುನರ್ವಸತಿ ಕೇಂದ್ರದ ಮನೆಯನ್ನು ನಾನು ನೋಡುತ್ತಿರುವುದು ಮೂರನೇ ಸಲ. ಕಟ್ಟಿಸಿದ್ದು, ಸಾಮಾನು ತಂದದ್ದು ಎಲ್ಲ ಮನೆಯವಳು. ಎರಡು ಹೊತ್ತೂ ಬಡಿಸಿದಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. ನಾನು ಹೊಸಬನೆಂದು ನಾಚಿಕೆಯಿರಬೇಕು.

೧೧ ಜನವರಿ, ಗುರುವಾರ

ಐದಕ್ಕೆ ಎದ್ದೆ. ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟೆ.

ನಾಚಿಕೆ ಅಲ್ಲ. ಮಧ್ಯಾಹ್ನ ಅವಳು ತಂಬಿಗೆ ಎತ್ತಿ ನೀರು ಕುಡಿಯುವಾಗ ಕೆಮ್ಮು ಬಂದು ಸೆರಗು ಜಾರಿತು. ಒಂದು ಹಲ್ಲೂ ಇಲ್ಲ. ಕರ್ನಲ್ ಸಾಹೇಬರನ್ನು ಬನಿಯನ್ನಿನಲ್ಲಿ ಕಂಡವನ ಹಾಗೆ ಮುಖ ತಿರುಗಿಸಿದೆ. ಅವಳು ಒಳಗೆ ಹೋದಳು. ಸಂಜೆಯವರೆಗೆ ಹೊರಗೆ ಬರಲಿಲ್ಲ.

ಅವಳಿಗೆ ನಲವತ್ತು. ಹೋದ ವರ್ಷದ ರಜೆಯಲ್ಲೂ ಸೆರಗು ಹೀಗೇ ಇತ್ತು, ನಾನು ಮರ್ಯಾದೆ ಎಂದುಕೊಂಡೆ. ಪಕ್ಕದ ಮನೆಯ ಅನಸವ್ವನನ್ನು ಗೋಡೆಯಾಚೆಯಿಂದ ಮೆಲ್ಲಗೆ ಕೇಳಿದರೆ ಅವಳು ಮೆಲ್ಲಗೆ ಹೇಳುವವಳೇ? "ಎರಡ ವರ್ಷಾತು ಅಣ್ಣಾ! ಮದವಿ ಇಲ್ಲ, ಮುಂಜಿವಿ ಇಲ್ಲ, ಎಲ್ಲೂ ಹೋಗಂಗಿಲ್ಲ ಆಕಿ. ಮನೀಗಿ ಮಾರಿ, ಊರಿಗಿ ಉಪಕಾರಿ ಅಂದ್ರ ನೀನ ನೋಡು."

ಸಿಟ್ಟು ಬರಲಿಲ್ಲ. ಗಾದೆ ನನಗೆಂದೇ ಅಳೆದು ಹೊಲಿದ ಹಾಗಿತ್ತು.

೧೪ ಜನವರಿ, ರವಿವಾರ, ಸಂಕ್ರಮಣ

ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡ್ಲಿ. ನಾನೊಬ್ಬನೇ ಕೂತು ಕಟುಂ ಕಟುಂ ಎಂದು ತಿಂದೆ. ಒಳಗೆ ಅವಳು ರೊಟ್ಟಿಯನ್ನು ಹಾಲಿಗೆ ಮುರಿದು ಹಾಕುವುದು ಕೇಳಿಸಿತು. ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಇವೆ, ಬೇರೆ ಬೇರೆ ಕೋಣೆಯಲ್ಲಿ.

ಬನಹಟ್ಟಿಯಿಂದ ಮಗಳು ಮಾಲಾಳ ಕಾಗದ ಬಂದಿದೆ. ಮಾರ್ಚ್ ನಾಲ್ಕಕ್ಕೆ ಕುಬಸದ ಕಾರ್ಯ, ಅವಳ ಬಸಿರಿಗೆ ಏಳು ತಿಂಗಳು ತುಂಬುತ್ತದೆ. ಕೊನೆಯ ಸಾಲು: 'ಅವ್ವ ಬುತ್ತಿ ತಗೊಂಡು ಬರದಿದ್ರ ನಾ ಮಣಿ ಮ್ಯಾಲ ಕುಂಡ್ರಂಗಿಲ್ಲ, ಬೀರಪ್ಪನ ಆಣಿ.'

ಓದಿ ಹೇಳಿದೆ. ಅವಳು ಸೆರಗಿನ ಹಿಂದಿನಿಂದ, "ಬುತ್ತಿ ಮಾಡಿ ಕೊಡತೀನಿ. ಅನಸವ್ವ ಹೋಗ್ತಾಳ," ಎಂದಳು.

"ಒಬ್ಬಾಕಿ ಮಗಳು."

"ಅಲ್ಲಿ ನೂರ ಮಂದಿ ಹೆಣ್ಣಮಕ್ಕಳು. ಒಡಪಾ ಹಾಕು ಅಂತಾರ, ಪದಾ ಕಟ್ಟಿ ಗಂಡನ ಹೆಸರ ಹೇಳು ಅಂತಾರ. ಈ ಬೋಡ ಬಾಯಿ ಇಟಗೊಂಡು ಮಗಳ ಮಾನ ಕಳೀಲೇನು?"

೧೭ ಜನವರಿ, ಬುಧವಾರ

ಜಮಖಂಡಿಗೆ ಹೋಗಿ ಬಂದೆವು, ಹಲ್ಲಿನ ಡಾಕ್ಟರಲ್ಲಿಗೆ. ಡಾಕ್ಟರು ತರುಣ, ಒಳ್ಳೆಯವನು. ನನ್ನ ನೌಕರಿ ಕೇಳಿ ಎದ್ದು ನಿಂತು ಕೈ ಕೊಟ್ಟ. ಅವಳು ಕುರ್ಚಿಯಲ್ಲಿ ಕೂತಳು, ಲೈಟು ಹತ್ತಿತು, ತುಟಿ ಬಿಗಿಯಾದವು. ಅರ್ಧ ತಾಸು. ಅವನು ಬೇಡಿಕೊಂಡ, ನಾನು ಗದರಿದೆ. ಗದರಬಾರದಿತ್ತು. ಸೆರಗು ಸರಿಮಾಡಿಕೊಂಡು ಇಳಿದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದೇಬಿಟ್ಟಳು.

ಬಸ್ಸಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬರುವಾಗ ಹೇಳಿದಳು, "ಗುರ್ತಿಲ್ಲದ ಗಂಡಸಿನ ಮುಂದ ಬಾಯಿ ತಗೀಲೇನ್ರಿ?"

"ಆತು. ನನ್ನ ಮುಂದ ತಗಿ. ನಾನ ಮಾಡತೀನಿ."

ಕಿಟಕಿಯ ಹೊರಗೆ ನೋಡಿದಳು. "ನಿಮ್ಮ ಮುಂದಂತೂ ಇಲ್ಲ."

೧೮ ಜನವರಿ

ನಿಮ್ಮ ಮುಂದಂತೂ ಇಲ್ಲ.

ಇಡೀ ದಿನ ಇದೇ. ಸಂಜೆ ನನಗೆ ಕೆಲಸ ಕಲಿಸಿದ ಹೋಶಿಯಾರ್‌ಪುರದ ಉಸ್ತಾದರಿಗೂ, ಲ್ಯಾಬಿನ ಜೊತೆಗಾರ, ಈಗ ಬೆಳಗಾವಿಯಲ್ಲಿ ನೆಲೆಸಿರುವ ಫಿಲಿಪ್‌ಗೂ ಕಾಗದ ಬರೆದೆ. ಸೈನ್ಯದಲ್ಲಿ ನಮ್ಮಂಥವರು ಬೆರಳೆಣಿಕೆಯಷ್ಟು. ಆಸ್ಪತ್ರೆಯ ಹಿಂಭಾಗದ ಒಂದು ಕೋಣೆ, ನಾಲ್ಕು ಜನ, ಪ್ಲಾಸ್ಟರಿನ ಧೂಳು. ಮೆರವಣಿಗೆಯಲ್ಲಿ ನಮ್ಮನ್ನು ಯಾರೂ ಕಾಣರು. ಆದರೆ ಒಬ್ಬನಿಗೆ ಕಷ್ಟವೆಂದರೆ ಉಳಿದವರು ಸುಮ್ಮನಿರುವವರಲ್ಲ.

೨೯ ಜನವರಿ, ಸೋಮವಾರ

ಫಿಲಿಪ್‌ನ ಪಾರ್ಸಲ್ ಬಂತು. ಅಚ್ಚಿನ ತಟ್ಟೆಗಳು, ಅಚ್ಚಿನ ಮಿಶ್ರಣ, ಮೇಣ, ಬೇಯಿಸುವ ಹಿತ್ತಾಳೆಯ ಡಬ್ಬಿ, ಅದನ್ನು ಬಿಗಿಯುವ ಹಿಡಿಕೆ, ಗುಲಾಬಿ ಪುಡಿ, ಇಪ್ಪತ್ತೆಂಟರಂತೆ ಎರಡು ಸೆಟ್ಟು ಹಲ್ಲು. ಚೀಟಿಯಲ್ಲಿ ಬರೆದಿದ್ದಾನೆ: 'ಒಂದನ್ನು ನೀನು ಕೆಡಿಸುತ್ತೀ, ಅದಕ್ಕೇ ಎರಡು.' ಮಲಯಾಳಿಯ ನಾಲಿಗೆ ಇನ್ನೂ ಮೊಂಡಾಗಿಲ್ಲ.

ಉಸ್ತಾದರದು ಮೂರು ಪುಟ. ಅರವತ್ತೆರಡರ ಯುದ್ಧದ ಚಳಿಯಿಂದ ಶುರುಮಾಡಿದ್ದಾರೆ. ಅವರ ಉಸ್ತಾದರು ಬ್ರಿಟಿಷರ ಕಾಲದ ಮರುಭೂಮಿಯ ಯುದ್ಧದಲ್ಲಿ ಗುಡಾರದೊಳಗೆ ಕಾಲಿನಿಂದ ತುಳಿಯುವ ಯಂತ್ರದಲ್ಲಿ ಸೆಟ್ಟು ಉಜ್ಜುತ್ತಿದ್ದರಂತೆ. ಕಲ್ಲಿನಂಥ ಬಿಸ್ಕತ್ತು ಅಗಿಯಲಾಗದೆ ಸಿಪಾಯಿಗಳು ಉಪವಾಸ ಬೀಳುತ್ತಿದ್ದರಂತೆ. ಇದನ್ನೆಲ್ಲ ನೂರು ಸಲ ಕೇಳಿದ್ದೇನೆ, ನೂರಾ ಒಂದನೆಯ ಸಲ ಓದಿದರೂ ಖುಷಿಯೇ ಆಯಿತು. ಮೂರನೆಯ ಪುಟದ ಕೊನೆಗೆ ನನ್ನ ವಿಷಯ: 'ಬಾಯಿಗೆ ಕೈ ಹಾಕುವುದು ನಮ್ಮ ಕೆಲಸವಲ್ಲ. ಆದರೆ ಅವಳು ನಿನ್ನ ಪೇಶಂಟ್ ಅಲ್ಲ, ನೀನೂ ಈಗ ಯೂನಿಫಾರಂನಲ್ಲಿಲ್ಲ. ಆಜ್ಞೆ ಮಾಡಬೇಡ. ಕೇಳು.'

ಹೇಗೆ ಕೇಳುವುದೆಂದು ಬರೆದಿಲ್ಲ.

೩೧ ಜನವರಿ, ಬುಧವಾರ

ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನೂ ಎದುರಿಗೆ ಕೂತು ಹರಳು ಆರಿಸತೊಡಗಿದೆ. ಹಲ್ಲಿನ ಮಾತು ತೆಗೆಯಲಿಲ್ಲ. ಯಾಕೋ ತೊಂಬತ್ತೊಂಬತ್ತರ ಬೇಸಿಗೆಯ ಮಾತು ಬಂತು. ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಆ ಬೇಸಿಗೆ ನಮ್ಮೆಲ್ಲರ ರಜೆ ರದ್ದಾಗಿತ್ತು. ದವಡೆ ಒಡೆದ ಹುಡುಗರನ್ನು ಯುದ್ಧ ನಡೆದ ಗುಡ್ಡಗಳಿಂದ ನಮ್ಮ ಆಸ್ಪತ್ರೆಗೆ ಇಳಿಸುತ್ತಿದ್ದರು. ಮುರಿದ ದವಡೆಯನ್ನು ಹಿಡಿದಿಡುವ ಪಟ್ಟಿಗಳನ್ನು ನಾವು ಲ್ಯಾಬಿನಲ್ಲಿ ಹಗಲೂ ಇರುಳೂ ಮಾಡುತ್ತಿದ್ದೆವು. ಹರಿಯಾಣದ ಒಬ್ಬನಿಗೆ ಕೆಳಗಿನ ಅರ್ಧ ಮುಖ ಉಳಿದಿರಲಿಲ್ಲ. ಅವನ ತಾಯಿ ಬಂದಳು. ಅವನು ಮುಖದ ಮೇಲೆ ಟವೆಲ್ ಹಾಕಿಕೊಂಡ, ನಾಲ್ಕು ದಿನ ತೆಗೆಯಲಿಲ್ಲ.

ಅವಳ ಕೈ ನಿಂತಿತು. "ಆ ತಾಯಿ ಏನ್ ಮಾಡಿದಳ್ರಿ?"

"ಆಕಿನೂ ತನ್ನ ಮುಖಕ್ಕ ಸೆರಗ ಮುಚ್ಚಿಕೊಂಡು ಬಾಜೂಕ ಕುಂತಳು. ನಾಕೂ ದಿನ."

ಮತ್ತೆ ಹರಳು ಆರಿಸತೊಡಗಿದಳು. ಜೋಳ ಮುಗಿಯಿತು. ಮೊರ ಝಾಡಿಸುತ್ತ ಎದ್ದು, "ನಾಳಿ ಅನಸವ್ವ ಸಂತಿಗಿ ಹೋಗ್ತಾಳ," ಎಂದಳು. ಅದು ಒಪ್ಪಿಗೆ ಎಂದು ನನಗೆ ಅರ್ಥವಾದದ್ದು ಊಟವಾದ ಮೇಲೆ.

೧ ಫೆಬ್ರುವರಿ, ಗುರುವಾರ

ಅಂಗಳದಲ್ಲಿ ಕಂಬಳಿ ಹಾಸಿ, ಗೋಡೆಗೆ ದಿಂಬು ಆನಿಸಿ ಕೂರಿಸಿದೆ. ಅವಳು ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದಳು. ನಾನು ಅಚ್ಚಿನ ಮಿಶ್ರಣವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ತಟ್ಟೆಗೆ ತುಂಬಿದೆ.

"ಕಣ್ಣ ಮುಚ್ಚಿಕೋ," ಎಂದೆ.

"ನೀವು ಮುಚ್ಚಿಕೋರಿ."

ಮುಚ್ಚಿಕೊಂಡೆ. ಸುಳ್ಳೇಕೆ, ನನಗೂ ಅದೇ ಬೇಕಾಗಿತ್ತು. ನನ್ನ ಬೆರಳಿಗೆ ಬಾಯಿಯ ದಾರಿ ಗೊತ್ತು: ಇಲ್ಲಿ ಅಂಗುಳ, ಇಲ್ಲಿ ವಸಡಿನ ದಂಡೆ, ಇಲ್ಲಿ ನಾಲಿಗೆಯ ಬೇರು. ಆದರೆ ಇಪ್ಪತ್ನಾಲ್ಕು ವರ್ಷ ಮುಟ್ಟಿದ್ದು ತಣ್ಣನೆಯ ಪ್ಲಾಸ್ಟರು. ಇದು ಬೆಚ್ಚಗಿತ್ತು, ನಡುಗುತ್ತಿತ್ತು. ಉಸಿರು ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಅಚ್ಚು ಗಟ್ಟಿಯಾಗುವವರೆಗೆ ಅವಳ ಗದ್ದ ಹಿಡಿದು ಕೂತೆ. ಮದುವೆಯಾಗಿ ಇಪ್ಪತ್ಮೂರು ವರ್ಷವಾಯಿತು, ಹೀಗೆ ಹಿಡಿದ ನೆನಪಿಲ್ಲ.

ಕಣ್ಣು ತೆರೆದಾಗ ಅವಳ ಕಣ್ಣೂ ಮುಚ್ಚಿದ್ದವು. ಕೆನ್ನೆ ಒದ್ದೆಯಾಗಿತ್ತು. ನೋಯಿತೇ ಎಂದರೆ, "ಉಪ್ಪು ಉಪ್ಪು ಐತ್ರಿ ನಿಮ್ಮ ಕೈ," ಎಂದಳು.

೩ ಫೆಬ್ರುವರಿ, ಶನಿವಾರ

ಪ್ಲಾಸ್ಟರ್ ಹೊಯ್ದು ಅಚ್ಚು ಬಿಡಿಸಿದೆ. ಬಿಸಿಲಿಗೆ ಹಿಡಿದು ಲ್ಯಾಬಿನಲ್ಲಿ ಹೇಳುವಂತೆಯೇ ಗಟ್ಟಿಯಾಗಿ ಹೇಳಿದೆ: ಎಡಗಡೆ ಕೆಳದವಡೆ ಸವೆದು ಚಪ್ಪಟೆಯಾಗಿದೆ, ಹಲ್ಲು ಹೋಗಿ ಹದಿನೈದು ವರ್ಷದ ಮೇಲಾಗಿದೆ, ಮುಂಭಾಗದ ದಂಡೆ ಎತ್ತರವಿದೆ, ಇತ್ತೀಚಿನದು.

ಹಿಂದೆ ನಿಂತಿದ್ದ ಅವಳು, "ಹೌದ್ರಿ, ಎಂಬತ್ನಾಕರಾಗ," ಎಂದಳು. "ಎರಡನೇ ಕೂಸು ನಿಲ್ಲಲಿಲ್ಲ ನೋಡ್ರಿ, ಆ ವರ್ಷ. ಬಾವು ಬಂದಿತ್ತು. ಅನಸವ್ವ ನೂಲು ಕಟ್ಟಿ ಕಿತ್ತಳು."

ನಾನು ಆಗ ಲೇಹ್‌ನಲ್ಲಿದ್ದೆ. ಕೂಸು ಉಳಿಯಲಿಲ್ಲವೆಂದು ಕಾಗದ ಬಂದಿತ್ತು. ಹಲ್ಲಿನ ಮಾತು ಅದರಲ್ಲಿ ಇರಲಿಲ್ಲ.

"ಮುಂದಿನವು?"

"ಊರು ಬಿಟ್ಟಾಗ. ಎಲ್ಲಾರೂ ಬಾಗಲಾ, ತೊಲಿ ಕಿತಗೊಂಡು ಹೇರಾಕತ್ತಿದ್ರು. ನಮ್ಮ ಚೌಕಟ್ಟ ಎತ್ತಾಕ ಗಂಡಸರಿಲ್ಲ. ನಾನ ಒಂದ ಕಡಿ ಹಿಡದೆ. ಟ್ರ್ಯಾಕ್ಟರಿಗಿ ಏರಸೂವಾಗ ಜಾರಿ ಬಾಯಿಗಿ ಬಡೀತು. ಅಳ್ಳಾಡತಿದ್ದವು ಎಲ್ಲಾ ಹೋದವು."

"ಯಾವಾಗ ಅದು?"

"ತೊಂಬತ್ತೊಂಬತ್ತರ ಬ್ಯಾಸಗಿ. ನಿಮ್ಮ ರಜಾ ರದ್ದಾತು ಅಂತ ತಾರ ಬಂತಲ್ಲ, ಅದರ ಮುಂದಿನ ವಾರ."

ನಾನು ಪರರ ದವಡೆ ಕೂಡಿಸುತ್ತ ಕೂತಿದ್ದ ಬೇಸಿಗೆ. ಅವಳ ಮಾತಿನಲ್ಲಿ ದೂರು ಇರಲಿಲ್ಲ, ಮಳೆ ಬಿದ್ದ ಲೆಕ್ಕ ಹೇಳಿದ ಹಾಗಿತ್ತು. ದೂರಿದ್ದರೆ ಒಳ್ಳೆಯದಿತ್ತು. ಅಚ್ಚನ್ನು ಮೇಜಿನ ಮೇಲೆ ಬರಿದೇ ಇಡಲು ಮನಸ್ಸಾಗಲಿಲ್ಲ, ಅರಳೆ ಹಾಸಿ ಇಟ್ಟೆ.

೯ ಫೆಬ್ರುವರಿ

ಕೆಲಸ ಸುರಳೀತ ನಡೆದಿದೆ. ಮದುವೆಯಾದ ವಾರದಲ್ಲಿ ಜಮಖಂಡಿಯ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋವನ್ನು ಇಷ್ಟು ವರ್ಷ ಪೇ-ಬುಕ್ಕಿನೊಳಗೆ ಇಟ್ಟುಕೊಂಡಿದ್ದೆ. ಹದಿನೇಳರ ಹುಡುಗಿ, ಮುತ್ತು ಪೋಣಿಸಿದಂಥ ಸಾಲು. ಅದನ್ನು ಎದುರಿಗಿಟ್ಟುಕೊಂಡು ಮೇಣದಲ್ಲಿ ಒಂದೊಂದೇ ಕೂರಿಸುತ್ತಿದ್ದೇನೆ. ಯಾರ ಬಾಯಿಯನ್ನೂ ಇಷ್ಟು ಚೆನ್ನಾಗಿ ಬಲ್ಲೆನೆಂದು ನಾನು ಹೇಳಲಾರೆ.

೧೨ ಫೆಬ್ರುವರಿ, ಸೋಮವಾರ

ಇಂದು ಬೇಯಿಸಿದೆ. ಹಿತ್ತಾಳೆಯ ಡಬ್ಬಿ ಬಿಗಿದು ಸ್ನಾನದ ಹಂಡೆಯಲ್ಲಿ ಇಳಿಸಿ, ಸಣ್ಣ ಉರಿಯಲ್ಲಿ ಅರ್ಧ ಹಗಲು. ಅನಸವ್ವ ಇಣುಕಿದಳು. "ಏನ ಅಡಿಗಿ ಅಣ್ಣಾ?"

"ಹಲ್ಲಿನ ಸಾರು."

"ನಿನ್ನ ಬಾಯಾಗ ಸಕ್ಕರಿ ಹಾಕ! ನನಗೂ ಒಂದ ಸೌಟು ಇಡು."

ಮನೆಯವಳು, ಲಗಮವ್ವ, ಒಳಗೆ ನಕ್ಕಿದ್ದು ಕೇಳಿಸಿತು. ಅವಳಿಗೆ ತೋರಿಸದೆಯೇ ಪೂರ್ತಿ ಮಾಡಿದ್ದೇನೆ. ಬೆರಗಾಗಲಿ.

೧೩ ಫೆಬ್ರುವರಿ, ಮಂಗಳವಾರ

ಹಾಕಿಕೊಂಡಳು. ಕನ್ನಡಿಯ ಮುಂದೆ ನಿಂತಳು. ನಾನು ಅವಳ ಹಿಂದೆ ನಿಂತಿದ್ದೆ. ಕನ್ನಡಿಯೊಳಗೆ ಒಬ್ಬ ಹದಿನೇಳರವಳ ಹಲ್ಲು, ಬಿಸಿಲಿಗೆ ಕಂದಿದ ಒಬ್ಬ ಹೆಂಗಸಿನ ಮುಖದಿಂದ ಹೊರಗೆ ನೋಡುತ್ತಿತ್ತು. ಮೇಲಿನ ತುಟಿ ಮುಚ್ಚಲೇ ಇಲ್ಲ.

"ಇವು ಯಾರವ್ರಿ?"

"ನಿನ್ನವ. ಫೋಟೋದಾಗಿನವು."

ತೆಗೆದಳು. ತೊಳೆದಳು. ಬಿಳಿ ಅರಿವೆಯಲ್ಲಿ ಸುತ್ತಿ, ನೆರೆಮನೆಯಿಂದ ತಂದ ಪಾತ್ರೆ ತಿರುಗಿ ಕೊಡುವ ಹಾಗೆ ನನ್ನ ಕೈಗೆ ಕೊಟ್ಟಳು. "ಆ ಹುಡುಗಿ ಎಂದೋ ಹೋದಳ್ರಿ. ನೀವು ಅಲ್ಲಿ ಆಕಿ ಕೂಡ ಸಂಸಾರ ಮಾಡಿದ್ರಿ. ನಾ ಇಲ್ಲಿ ಬ್ಯಾರೇದಾಕಿ ಆಗೇನಿ. ನನ್ನ ನೀವು ಎಲ್ಲಿ ನೋಡೀರಿ?"

ಸೆರಗು ಮತ್ತೆ ಬಾಯಿಗೆ ಬಂತು.

೧೪ ಫೆಬ್ರುವರಿ

ಬರೆಯುವುದಿಲ್ಲ.

೧೬ ಫೆಬ್ರುವರಿ, ಶುಕ್ರವಾರ

ಬೀಳಗಿಯ ಎಸ್‌ಟಿಡಿ ಬೂತಿನಿಂದ ಉಸ್ತಾದರಿಗೆ ಫೋನ್ ಮಾಡಿದೆ. ಅವರಿಗೆ ಕಿವಿ ಮಂದ. ನಾನು ಕೂಗಿದೆ, ಅವರು ಅದಕ್ಕಿಂತ ಜೋರಾಗಿ ಕೂಗಿದರು. ಬೂತಿನ ಹೊರಗೆ ನಿಂತ ನಾಲ್ಕು ಜನಕ್ಕೆ ನನ್ನ ಸಂಸಾರ ಹಿಂದಿಯಲ್ಲಿ ತಿಳಿಯಿತು.

ಮೇಣದಲ್ಲಿದ್ದಾಗ ಬಾಯಿಗಿಟ್ಟು ನೋಡಿದೆಯಾ ಎಂದರು. ಇಲ್ಲ ಎಂದೆ. ಯಾಕೆ? ಅದು ಸಾಹೇಬರ ಕೋಣೆಯಲ್ಲಿ ನಡೆಯುತ್ತಿತ್ತು, ನಾನು ಎಂದೂ ನೋಡಿದ್ದಿಲ್ಲ, ನನಗೆ ಹೊಳೆಯಲಿಲ್ಲ.  ಆಮೇಲೆ ಬೈಗಳು. ಪ್ಲಾಸ್ಟರ್ ಮಾತಾಡುವುದಿಲ್ಲ, ಫೋಟೋ ಉಣ್ಣುವುದಿಲ್ಲ, ಕತ್ತೆ! ಅವಳು ಮಾತಾಡುವುದನ್ನು ನೋಡು, ನಗುವುದನ್ನು ನೋಡು. ತುಟಿ ಕೂಡಿಸುವ ಅಕ್ಷರ ಹೇಳಿಸು, ಹಲ್ಲು ಹತ್ತಿರ ಬರುವ ಅಕ್ಷರ ಹೇಳಿಸು. ಆಮೇಲೆ ಕೂರಿಸು.

ಹದಿನೈದು ದಿನ ಉಳಿದಿವೆ.

೧೯ ಫೆಬ್ರುವರಿ

ಮೂರು ದಿನದಿಂದ ಲಗಮವ್ವನನ್ನು ನೋಡುತ್ತಿದ್ದೇನೆ. ನೋಡುತ್ತಿದ್ದೇನೆಂದು ಗೊತ್ತಾಗಬಾರದೆಂದು ಹಗ್ಗ ಹೊಸೆಯುತ್ತ ಕೂರುತ್ತೇನೆ. ಇಷ್ಟು ಹಗ್ಗ ನಮ್ಮ ಮನೆಗೆ ಬೇಕಿಲ್ಲ.

ಆಡುಗಳ ಮುಂದೆ ಅವಳಿಗೆ ಸೆರಗು ಬೇಕಾಗುವುದಿಲ್ಲ. ನಾಲ್ಕೂ ಆಡಿನ ಜೊತೆ ಬೇರೆ ಬೇರೆ ದನಿಯಲ್ಲಿ ಮಾತಾಡುತ್ತಾಳೆ. ಕಪ್ಪು ಆಡು ಸೊಪ್ಪಿಗೆ ಬಾಯಿ ಹಾಕಿದರೆ, "ನಿನ್ನ ಬಾಯಾಗ ಮಣ್ಣ ಹಾಕ, ನಿಮ್ಮವ್ವ ಹಿಂಗ ಕಲಿಸ್ಯಾಳ?" ಎನ್ನುತ್ತಾಳೆ. ನಗು ಯಾವಾಗಲೂ ಎಡಗಡೆಯಿಂದ ಶುರುವಾಗುತ್ತದೆ. ಸಿಟ್ಟು ಬಂದಾಗ ಕೆಳತುಟಿ ಒಳಗೆ ಹೋಗುತ್ತದೆ. ಅನಸವ್ವನನ್ನು ಅನುಕರಿಸಿ ನಡೆದು ತೋರಿಸುವುದನ್ನೂ ಕಂಡೆ, ಆಡುಗಳಿಗೆ. ಇಷ್ಟೆಲ್ಲ ಮಾತು ಅವಳಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಈ ಹೆಂಗಸು ನನಗೆ ಬಹಳ ಹಿಡಿಸಿದ್ದಾಳೆ.

ಸಂಜೆ ಒಮ್ಮೆಲೇ ತಿರುಗಿ ನೋಡಿದಳು. ನಾನು ತಲೆ ತಗ್ಗಿಸಿ ಹಗ್ಗ ಹೊಸೆದೆ. "ಯಾರಿಗಿ ಉರ್ಲ ಹಾಕಾವ್ರು ಅದೀರಿ?" ಎಂದಳು.

"ಇನ್ನೊಮ್ಮೆ ಮಾಡತೀನಿ, ಲಗಮವ್ವಾ. ಈ ಸಲ ನೀ ಹೇಳಿದಂಗ. ನಿನಗ ಬ್ಯಾಡ ಅನಿಸಿದರ ಬಿಡು."

ಕಪ್ಪು ಆಡಿನ ಕಿವಿ ಸವರುತ್ತ ನಿಂತಳು. "ಮೇಣದಾಗ ಇದ್ದಾಗ ನನಗ ತೋರಿಸ್ತೀರೇನು?"

"ತೋರಿಸ್ತೀನಿ."

೨೧ ಫೆಬ್ರುವರಿ, ಬುಧವಾರ, ಶಿವರಾತ್ರಿ

ಉಪವಾಸದ ದಿನ, ಅಡಿಗೆಯಿಲ್ಲ, ಅಂಗಳವೇ ಲ್ಯಾಬು. ಎರಡನೆಯ ಸೆಟ್ಟಿನ ಸಣ್ಣ ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಬಾಯಿಗಿಟ್ಟೆ. ಈ ಸಲ ಯಾರೂ ಕಣ್ಣು ಮುಚ್ಚಲಿಲ್ಲ. ಅನಸವ್ವನಿಗೂ ಬಾಗಿಲು ತೆರೆದಿತ್ತು, ಲಗಮವ್ವನೇ ಕರೆದಿದ್ದಳು.

"ಮ್ಯಾಳಿಗಿ ಅನ್ನು. ಸಂತಿ ಅನ್ನು. ಪಡಸಾಲಿ ಅನ್ನು."

ಅಂದಳು. 'ಸ'ದಲ್ಲಿ ಶಿಳ್ಳೆ ಬಂತು. ತೆಗೆದು, ಬಿಸಿ ಚಾಕುವಿನಿಂದ ಮೇಣ ಕರಗಿಸಿ ಎರಡು ಹಲ್ಲು ಒಳಗೆ ಸರಿಸಿದೆ. ಮತ್ತೆ ಇಟ್ಟೆ. ಹೀಗೆ ಎಂಟು ಸಲ. ಮಧ್ಯದಲ್ಲಿ ಅವಳೇ ಹೇಳಿದಳು, "ಇಲ್ಲಿ ಒಂದೀಟ ಸಂದಿ ಇತ್ರಿ. ನಾಲಿಗಿ ದಿನಾ ಅದನ್ನ ಹುಡುಕತೈತಿ." ಎಡಗಡೆ ಕೋರೆಹಲ್ಲಿನ ಪಕ್ಕ. ಫೋಟೋದಲ್ಲಿ ಕಾಣದ ಜಾಗ. ಸಂದಿ ಬಿಟ್ಟು, ಪಕ್ಕದ ಹಲ್ಲನ್ನು ಸ್ವಲ್ಪ ಹೊರಳಿಸಿದೆ. ಪರೀಕ್ಷೆಯಲ್ಲಿ ಹೀಗೆ ಕೂರಿಸಿದ್ದರೆ ನನ್ನನ್ನು ನಪಾಸು ಮಾಡುತ್ತಿದ್ದರು.

ಅನಸವ್ವ ಎಲೆ ಮಡಿಸುತ್ತ ಹೇಳಿದಳು, "ಹತ್ತ ಶಬ್ದ ಯಾಕ ಬೇಕ ಅಣ್ಣಾ? ಒಂದ ಹೆಸರಿನ್ಯಾಗ ಎಲ್ಲಾ ಬರತಾವ. ಅನ್ನಸು ಆಕಿ ಕಡಿಂದ, ನಿನ್ನ ಹೆಸರ."

ನಿಜ. ಮ, ಸ, ದ್ದ, ಪ್ಪ. ತುಟಿ ಕೂಡಬೇಕು, ಹಲ್ಲು ಹತ್ತಿರ ಬರಬೇಕು, ನಾಲಿಗೆ ತಾಗಬೇಕು, ಮತ್ತೆ ತುಟಿ. ಲಗಮವ್ವ ಕೆಂಪಾದಳು. "ಸು‌ಮ್ಮನಿರ ಬೇ! ಗಂಡನ ಹೆಸರ ಹಂಗ ಬರೇ ಬಾಯಿಲೆ ಹೇಳತಾರೇನು?"

ನಾನು ಒತ್ತಾಯ ಮಾಡಲಿಲ್ಲ. 'ಸುಮ್ಮನಿರ' ಎಂದಾಗ ಶಿಳ್ಳೆ ಬರಲಿಲ್ಲ, ಅಷ್ಟು ಸಾಕಾಗಿತ್ತು.

೨೫ ಫೆಬ್ರುವರಿ, ರವಿವಾರ

ನಿನ್ನೆ ಬೇಯಿಸಿದ್ದು ಇಂದು ಬಿಡಿಸಿದೆ. ಅರದಿಂದ ಉಜ್ಜಿ, ಗಾಜಿನ ಚೂರಿನಿಂದ ಹೆರೆದು, ಜರಡಿ ಹಿಡಿದ ಬೂದಿಯಿಂದ ಬನಹಟ್ಟಿ ಅರಿವೆಯಲ್ಲಿ ತಿಕ್ಕಿದೆ. ಲಗಮವ್ವ ಎದುರಿಗೆ ಕೂತು ನೋಡುತ್ತಿದ್ದಳು. ಅರಿವೆಯ ಇನ್ನೊಂದು ತುದಿಯನ್ನು ಅವಳೇ ಹಿಡಿದಳು.

ಹಾಕಿಕೊಂಡು ಕನ್ನಡಿಯ ಹತ್ತಿರ ಹೋಗಲಿಲ್ಲ. ಆಡುಗಳ ಹತ್ತಿರ ಹೋಗಿ ಏನೋ ಮಾತಾಡಿ ಬಂದಳು.

"ಏನಂದ್ವು?"

"ಗುರ್ತ ಹಿಡದ್ವು," ಎಂದಳು.

೨೭ ಫೆಬ್ರುವರಿ

ಬಲಗಡೆ ಒತ್ತುತ್ತದೆ ಎಂದಳು. ಅಂಗುಲದ ನೂರನೆಯ ಪಾಲು ಹೆರೆದೆ. ಮೆತ್ತಗಿನ ಚಪಾತಿ ತಿಂದಳು, ಒಳಗೆ ಕೂತು.

೧ ಮಾರ್ಚ್, ಗುರುವಾರ

ಮಧ್ಯಾಹ್ನ ಒಳಗಿನಿಂದ ಕಟಕ್ ಎಂಬ ಸದ್ದು. ಹೋಗಿ ನೋಡಿದರೆ ಕೈಯಲ್ಲಿ ಒಣಗಿ ಗಟ್ಟಿಯಾದ ಕಟಿರೊಟ್ಟಿ, ಕಣ್ಣಲ್ಲಿ ನೀರು. ಹಲ್ಲು ಮುರಿಯಿತೆಂದುಕೊಂಡೆ.

"ರೊಟ್ಟಿ ಮುರೀತ್ರಿ," ಎಂದಳು. ಆಮೇಲೆ, "ಹೋಳಿಗಿ ಎಷ್ಟ ಮಾಡಬೇಕ್ರಿ ಬುತ್ತಿಗಿ? ಅಲ್ಲಿ ನೂರ ಮಂದಿ ಬರತಾರ."

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಜಕ್ಕಪ್ಪ ಕಾಕಾ ಏನಾಯಿತೆಂದ. ಕಣ್ಣಿಗೆ ಧೂಳು ಬಿತ್ತು ಎಂದೆ. ಗಾಳಿಯೇ ಇರಲಿಲ್ಲ.

೪ ಮಾರ್ಚ್, ರವಿವಾರ, ಬನಹಟ್ಟಿ

ಬೀಗರ ಮನೆಯ ಅಟ್ಟದ ಮೇಲೆ ಕೂತು ಬರೆಯುತ್ತಿದ್ದೇನೆ. ಓಣಿಯ ಮಗ್ಗಗಳ ಸದ್ದಿನಲ್ಲಿ ಮೈಯೆಲ್ಲ ಅದುರುತ್ತದೆ. ಅಳಿಯ ಗುರುಪಾದ ಅಕ್ಕಪಕ್ಕದವರಿಗೆ ಹೇಳಿ ಕಾರ್ಯದ ಹೊತ್ತಿಗೆ ಒಂದು ತಾಸು ಮಗ್ಗ ನಿಲ್ಲಿಸಿದ್ದ. ಅಂಥ ನಿಶ್ಶಬ್ದ ಈ ಓಣಿ ಕಂಡು ಎಷ್ಟು ಕಾಲವಾಯಿತೋ.

ಹೆಂಗಸರು ಪಡಸಾಲೆಯಲ್ಲಿ, ಗಂಡಸರು ಹೊರಗೆ. ಮಾಲಾಳನ್ನು ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂರಿಸಿದರು. ಅವ್ವನನ್ನು ಕಂಡವಳೇ ಅಳು, ಆಮೇಲೆ ಬಾಯಿ ನೋಡಿ ನಗು. ಬುತ್ತಿ ಬಿಚ್ಚಿದರು. ಅಷ್ಟರಲ್ಲಿ ಬೀಗರ ಕಡೆಯ ಒಬ್ಬ ಮುದುಕಿ ಎತ್ತಿದಳು: ಹುಡುಗಿಯ ತಾಯಿ ಒಡಪಾ ಹಾಕಲಿ. ಎಲ್ಲರೂ ಹೂಂ ಹೂಂ ಎಂದರು. ನನ್ನ ಕೈಯೊಳಗಿನ ಚಹಾ ತಣ್ಣಗಾಯಿತು. ಗೋಡೆಯ ಆಚೆ ಅವಳಿದ್ದಳು, ನನಗೆ ಕಾಣುತ್ತಿರಲಿಲ್ಲ. ಸೆರಗು ಎಲ್ಲಿದೆಯೋ.

ಬಳೆ ಸದ್ದಾದವು. ಆಮೇಲೆ ಆಡುಗಳಿಗೆ ಹೇಳುವ ದನಿಯಲ್ಲಿ, ತಡವರಿಸದೆ:

"ಹಂಡೇದ ನೀರಾಗ ಕುದಿಸ್ಯಾರ ಹಲ್ಲ,
ಅಮಸಿದ್ದಪ್ಪನ ಹೆಸರ ಹೇಳಾಕ ಅಂಜಿಕಿ ಇಲ್ಲ."

ಪಡಸಾಲೆ ಒಡೆಯುವಂತೆ ನಕ್ಕರು. ಬೀಗರು ನನ್ನ ಬೆನ್ನಿಗೆ ಗುದ್ದಿದರು. ನಾನೂ ನಕ್ಕೆ. ಮ, ಸ, ದ್ದ, ಪ್ಪ, ನಾಲ್ಕೂ ಸ್ವಚ್ಛವಾಗಿ ಬಂದವು. ಇಪ್ಪತ್ಮೂರು ವರ್ಷದಲ್ಲಿ ಅವಳ ಬಾಯಿಂದ ನನ್ನ ಹೆಸರು ನಾನು ಕೇಳಿದ್ದು ಇದೇ ಮೊದಲು. ನಂಬರ್, ಹುದ್ದೆ ಇಲ್ಲದೆ ನನ್ನ ಹೆಸರು ಹೀಗೆ ಕೇಳಿಸುತ್ತದೆಂದು ತಿಳಿದಿರಲಿಲ್ಲ. ಫಿಲಿಪ್‌ಗೂ ಉಸ್ತಾದರಿಗೂ ಬರೆಯಬೇಕು.

೬ ಮಾರ್ಚ್, ಮಂಗಳವಾರ

ಏಳುವುದು ತಡವಾಯಿತು, ಬಿಸಿಲು ಬಂದಿತ್ತು.

ಮಧ್ಯಾಹ್ನ ಲಗಮಿ ನನಗೆ ಬಡಿಸಿ ಒಳಗೆ ಹೋದಳು, ಎಂದಿನಂತೆ. ಆದರೆ ತನ್ನ ತಾಟನ್ನೂ ತೆಗೆದುಕೊಂಡು ಹೊರಗೆ ಬಂದಳು. ಎದುರಿಗೆ ಕೂತಳು. ಕೂತವಳು ಮೇಲಿನದು, ಕೆಳಗಿನದು, ಹಲ್ಲಿನ ಸೆಟ್ಟು ಎರಡೂ ತೆಗೆದು ನೀರಿನ ಬಟ್ಟಲಿಗೆ ಹಾಕಿ ಬದಿಗಿಟ್ಟಳು. ರೊಟ್ಟಿಯನ್ನು ಹಾಲಿಗೆ ಮುರಿದುಕೊಂಡಳು. ಸೆರಗು ಹೆಗಲ ಮೇಲೆಯೇ ಇತ್ತು.

ನಾನು ಕೈಯ ತುತ್ತು ಕೆಳಗಿಟ್ಟೆ. "ಯಾಕ, ಚುಚ್ಚತಾವೇನು?"

"ಇಲ್ರೀ, ಛಲೋ ಅದಾವ."

"ಮತ್ತ ಯಾಕ ತಗದಿ?"

ಹೊಸ ಸೆಟ್ಟನ್ನು ಮೊದಲ ತಿಂಗಳು ಹಗಲೆಲ್ಲ ಹಾಕಿಕೊಂಡಿರಬೇಕು. ಈ ನಿಯಮವನ್ನು ನಾನು ಎಷ್ಟೋ ಸಾವಿರ ಚೀಟಿಗಳಲ್ಲಿ ಬರೆದಿದ್ದೇನೆ. ಅದನ್ನೇ ಹೇಳಲು ಹೊರಟೆ. ಅವಳು ಅಷ್ಟರಲ್ಲಿ ನಕ್ಕಳು, ಎಡಗಡೆಯಿಂದ ಶುರುವಾಗಿ ಪೂರ್ತಿ ಬಾಯಿ ತೆರೆದು, ಬರೀ ಗುಲಾಬಿ ವಸಡು.

"ಮನ್ಯಾಗ ಯಾಕ ಬೇಕ್ರಿ ಅವು? ಯಾರ ಅದಾರ ಇಲ್ಲಿ, ನೀವೊಬ್ಬರ."

ನಿಯಮ ಹೇಳಲಿಲ್ಲ. ಮಾತಾಡುತ್ತ ಕೂತು ಊಟ ಮುಗಿಯಲು ಒಂದೂವರೆ ತಾಸು ಹಿಡಿಯಿತು.